ಗುರುವಾರದ ತನಕ

ಅಲ್ ಐನ್‌ನಲ್ಲಿ ಮಾರ್ಚಿಗೆ ಇನ್ನೂ ಹಲ್ಲು ಬಂದಿಲ್ಲ.
ಬೆಳಿಗ್ಗೆ ಆರಕ್ಕೆ ವ್ಯಾನು ನಮ್ಮನ್ನು ವೃತ್ತದ ನಡುವೆ ಇಳಿಸುತ್ತದೆ:
ನಾನು, ನಜ್ಮುಲ್, ಎರಡು ಕತ್ತರಿ, ಒಂದು ಸುತ್ತು ಪೈಪು.
ಕಾರುಗಳು ಗಾಣದೆತ್ತಿನ ಹಾಗೆ ನಮ್ಮ ಸುತ್ತ ತಿರುಗುತ್ತವೆ,
ಸೋನಾಮುಖಿಯ ಬೇಲಿ ಮಾತ್ರ ನಿಂತಲ್ಲೇ.

ಹೊಟ್ಟೆ ಕಟ್ಟಿದಾಗ ಅಜ್ಜಿ ಇದನ್ನೇ ಕುದಿಸಿ ಕುಡಿಸುತ್ತಿದ್ದಳು,
ಮೂಗು ಹಿಡಿದು.
ಇಲ್ಲಿ ಇದಕ್ಕೆ ಟ್ಯಾಂಕರಿನ ನೀರು,
ಬುಡಬುಡಕ್ಕೂ ಒಂದೊಂದು ಹನಿತೂತು.

ಮೊದಲು ಬಂದವಳು ಹಳದಿ. ಹೆಣ್ಣು.
ಗಂಡು ಬಿಳಿಚ, ಒಗೆದೂ ಒಗೆದೂ
ಹಸಿರು ಬಿಟ್ಟ ಲುಂಗಿಯ ಬಣ್ಣ.
ಯಾರೂ ಹೇಳಿಕೊಟ್ಟದ್ದಲ್ಲ. ದಿನಕ್ಕೆ ಎಂಟು ಗಂಟೆ
ಒಂದೇ ಬೇಲಿ ನೋಡುತ್ತಿದ್ದರೆ
ಬೇಲಿ ತಾನಾಗಿ ಬಾಯಿ ಬಿಡುತ್ತದೆ.

ಕಾಲಿನಿಂದ ರುಚಿ ನೋಡುತ್ತಾಳೆ ಅವಳು.
ಎಲೆಯ ಮೇಲೆ ಪಟಪಟ ತಟ್ಟಿ, ಇದಲ್ಲ ಎಂದು ಎದ್ದು,
ಕಾಗದದ ಹೂವಿನ ಬಳ್ಳಿಗೆ ಕಾಲಿಟ್ಟು ಮುಖ ಸಿಂಡರಿಸಿ
(ಚಿಟ್ಟೆಗೆ ಮುಖ ಸಿಂಡರಿಸಲು ಬರುತ್ತದೋ, ನನಗೆ ಹಾಗೆ ಕಂಡಿತು)
ಕೊನೆಗೆ ಒಂದು ಚಿಗುರಿಗೆ ಒಂದೇ ಮೊಟ್ಟೆ:
ಜೀರಿಗೆಗಿಂತ ಸಣ್ಣದು, ನೆಟ್ಟಗೆ ನಿಂತದ್ದು.
ಮುಂದಿನದಕ್ಕೆ ಮುಂದಿನ ಚಿಗುರು.
ಒಟ್ಟಿಗೇ ಸುರಿದು ಹೋಗುವ ಜಾಯಮಾನವಲ್ಲ.

ಮರಿ ಮೊದಲು ತಿನ್ನುವುದು ತಾನು ಮಲಗಿದ್ದ ಚಿಪ್ಪನ್ನು.
ಆಮೇಲೆ ಸೋನಾಮುಖಿ, ಸೋನಾಮುಖಿ, ಸೋನಾಮುಖಿ.
ಅಜ್ಜಿ ಇದ್ದಿದ್ದರೆ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು,
ಇಷ್ಟು ತಿಂದೂ ಭೇದಿಯಿಲ್ಲವಲ್ಲೋ ಇದಕ್ಕೆ!
ನಾಲ್ಕು ಸಲ ಅಂಗಿ ಕಳಚಿತು. ಪಕ್ಕೆಯುದ್ದಕ್ಕೂ ಒಂದು ಬಿಳಿಗೆರೆ.
ಮೂರನೇ ವಾರಕ್ಕೆ ಬೇಲಿಯೆಂದರೆ ಬರೀ ಕಡ್ಡಿ.

ಯಾರೋ ಫೋಟೋ ತೆಗೆದು ಬಲದಿಯಾಕ್ಕೆ ಕಳಿಸಿದರು.
ಭಾನುವಾರ ಶೇರ್ ಜಮಾನ್ ಬಂದ, ಗಡ್ಡಕ್ಕೆ ಹೊಸ ಮೆಹಂದಿ.
ಒಂದು ಸುತ್ತು ಹಾಕಿ, "ದವಾ ಮಾರೋ" ಅಂದ.

ವಾರದ ಹಿಂದೆಯೇ ಕೆಲವು ಗೂಡಾಗಿದ್ದವು.
ಎಲೆಯ ಬಣ್ಣ, ಎಲೆಯದೇ ಮಡಿಕೆ,
ಸೊಂಟಕ್ಕೆ ಒಂದೆಳೆ ನೂಲು ಬಿಗಿದು ಆತುಕೊಂಡಿದ್ದವು,
ಇಪ್ಪತ್ತನೇ ಮಹಡಿಯ ಗಾಜು ಒರೆಸುವವರ ಹಾಗೆ.
ಎಣಿಸಿದೆ. ನಲವತ್ತಮೂರು.

ಸೋಮವಾರ ಪಂಪಿನ ಮೂತಿ ಕಟ್ಟಿಕೊಂಡಿತ್ತು.
ಸುಳ್ಳಲ್ಲ, ಚಿಟಿಕೆ ಮರಳು ನಾನೇ ತುರುಕಿದ್ದು.
ಮಂಗಳವಾರ ಗಾಳಿ. ದವಾ ಕಾರುಗಳ ಮೇಲೆ ಬಿದ್ದರೆ?
ಬುಧವಾರ ನಜ್ಮುಲ್ ಶೆಡ್ಡಿನ ಕೀಲಿ ಮರೆತು ಬಂದ.
ಶೇರ್ ಜಮಾನ್ ಬಗ್ಗಿದ, ಕಡ್ಡಿಯೊಂದನ್ನು ಎತ್ತಿ ನೋಡಿದ,
ಅಷ್ಟೇ ಮೆಲ್ಲಗೆ ಬಿಟ್ಟ.
"ಇನ್ನೊಂದು ಕೀಲಿ ನನ್ನ ಹತ್ತಿರ ಇದೆ. ನಾಳೆ. ಖಲಾಸ್."
ಗಾಡಿ ಹತ್ತಿ ಹೋದ.

ಗುರುವಾರ ಬೆಳಕು ಹರಿಯುವ ಮೊದಲೇ ಗೂಡುಗಳು ತೆಳುವಾಗಿದ್ದವು,
ಒಳಗಿನ ಹಳದಿ
ಲಾಟೀನಿನ ಗಾಜಿನಾಚೆಯ ಬತ್ತಿಯಂತೆ.
ಹತ್ತೊಂಬತ್ತು ಬಂದವು. ಒದ್ದೆ ರೆಕ್ಕೆ ಒಣಗಿಸಿಕೊಂಡು
ಜಬೆಲ್ ಹಫೀತ್‌ಗೆ ಬೆನ್ನು ಹಾಕಿ
ಬುರೈಮಿಯ ತಂತಿಬೇಲಿಯ ಮೇಲಿಂದ ಹೋದವು, ತಿರುಗಿ ನೋಡದೆ.
ಎಂಟು ಗಂಟೆಗೆ ಡಬ್ಬಿ ಬೆನ್ನಿಗೇರಿತು.
ಉಳಿದವು ಇಪ್ಪತ್ತನಾಲ್ಕು.
ನಾನೇ ಹೊಡೆದೆ. ಎರಡು ಕೈ ಹೊಡೆದೆ.

ಮಧ್ಯಾಹ್ನ ಅಂಗಿ ಬಿಚ್ಚಿ ಪೈಪಿನ ಮೇಲೆ ಹರವಿದ್ದೆ.
ಕಾಲರಿನಲ್ಲಿ ಬೆವರು ಒಣಗಿ ಬೆಳ್ಳಗೆ ಹೊಳೆಯುತ್ತಿತ್ತು.
ಎಲ್ಲಿಂದಲೋ ಒಂದು ಬಿಳಿಚ ಗಂಡು ಬಂದು ಕೂತಿತು.
ಕೂತಾಗ ಇವು ರೆಕ್ಕೆ ಬಿಚ್ಚುವುದಿಲ್ಲ, ಮುಚ್ಚಿಯೇ ಇಡುತ್ತವೆ.
ಕೆಂಪು ಮೀಸೆ. ಸುರುಳಿ ನಾಲಗೆ ಬಿಚ್ಚಿ
ನನ್ನ ಉಪ್ಪಿಗೆ ಇಳಿಸಿತು.

ಉಪ್ಪು ತಿಂದವರು ನೀರು ಕುಡಿಯಲೇಬೇಕು ಅನ್ನುತ್ತಾರೆ.
ಆ ಅಂಗಿಯಲ್ಲಿ ಬರೀ ಉಪ್ಪಿರಲಿಲ್ಲ.
ಹುಶ್ ಅಂದೆ. ಕೈ ಬೀಸಿದೆ. ಎದ್ದು ಮತ್ತೆ ಅಲ್ಲೇ ಕೂತಿತು.
ನಿನ್ನೆಯ ಅಂಗಿ ವ್ಯಾನಿನಲ್ಲಿತ್ತು, ಒಗೆದಿರಲಿಲ್ಲ.
ಓಡಿ ಹೋಗಿ ತಂದೆ,
ಬಾಟಲಿಯ ನೀರು ಚಿಮುಕಿಸಿ
ಕಲ್ಲಿನ ಮೇಲೆ ಹಾಸಿದೆ.